ನಗೆಯ ದಿಕ್ಕು ತಿರುಗಿಸಿದ ಬಾಬ್ ಸ್ಮಿತ್

ಅಮೆರಿಕದಲ್ಲಿ ರಾತ್ರಿಯ ಊಟ ಮುಗಿದು ಮನೆಮಂದಿ ಮಲಗಲು ಸಿದ್ಧರಾಗುವ ಹೊತ್ತಿಗೆ ಟೆಲಿವಿಷನ್‌ನಲ್ಲಿ 'ಟುನೈಟ್ ಷೋ' ಆರಂಭವಾಗುತ್ತದೆ. 1954ರಲ್ಲಿ ಶುರುವಾದ ಈ ಕಾರ್ಯಕ್ರಮವನ್ನು ಜಾನಿ ಕಾರ್ಸನ್ ಎಂಬ ಜನಪ್ರಿಯ ನಿರೂಪಕರು 1962ರಿಂದ 1992ರವರೆಗೆ ಮೂವತ್ತು ವರ್ಷ ನಡೆಸಿದರು. ಹೊಸ ಹಾಸ್ಯಗಾರನೊಬ್ಬನಿಗೆ ಅಲ್ಲಿ ಸಿಗುವುದು ಐದಾರು ನಿಮಿಷ ಮಾತ್ರ. ಆದರೆ ಆ ಐದಾರು ನಿಮಿಷದಲ್ಲಿ ಜನ ಮನಸಾರೆ ನಕ್ಕರೆ ಆತನ ಬದುಕೇ ಬದಲಾಗಿಬಿಡುತ್ತಿತ್ತು. ಅದುವರೆಗೆ ಮುಖ ಕೊಟ್ಟು ಮಾತನಾಡದಿದ್ದ ಕ್ಲಬ್ಬುಗಳ ಮಾಲೀಕರು ಮರುದಿನ ಫೋನ್ ಮಾಡಿ ಕರೆಯುತ್ತಿದ್ದರು.

1994ರಲ್ಲಿ, ಜೇ ಲೆನೊ ಈ ಕಾರ್ಯಕ್ರಮ ನಡೆಸುತ್ತಿದ್ದಾಗ, ಆ ವೇದಿಕೆಗೆ ಮೂವತ್ತೈದು ವರ್ಷದ ಬಾಬ್ ಸ್ಮಿತ್ ಬಂದರು. ಕಟ್ಟುಮಸ್ತಾದ ಆಳಲ್ಲ, ವಿಚಿತ್ರ ವೇಷವಿಲ್ಲ. ಪಕ್ಕದ ಮನೆಯ ಹುಡುಗನಂಥ ಮುಖ, ಮೆಲುದನಿ. ಆದರೂ ಅಂದು ಅಲ್ಲಿ ಹೊಸದೊಂದು ನಡೆಯಿತು. ತಾನು ಸಲಿಂಗಪ್ರೇಮಿ ಎಂಬುದನ್ನು ಬಚ್ಚಿಡದೆ 'ಟುನೈಟ್ ಷೋ'ದಲ್ಲಿ ನಗಿಸಿದ ಮೊದಲ ಹಾಸ್ಯಗಾರ ಅವರು. ಅದೇ ವರ್ಷ ಎಚ್‌ಬಿಓ ವಾಹಿನಿ ಅವರೊಬ್ಬರದೇ ಅರ್ಧ ಗಂಟೆಯ ಹಾಸ್ಯ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಅಂಥ ಅವಕಾಶವೂ ಬಹಿರಂಗವಾಗಿ ಸಲಿಂಗಪ್ರೇಮಿಯಾಗಿದ್ದವರಿಗೆ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ.

ವೇದಿಕೆಯಿಂದ ಟೆಲಿವಿಷನ್ ಬರವಣಿಗೆಗೆ, ಅಲ್ಲಿಂದ ಪುಸ್ತಕಗಳಿಗೆ ಸಾಗಿದ ಈ ಮನುಷ್ಯನ ವೃತ್ತಿಜೀವನ ಇಂದಿನ ವಿದ್ಯಾರ್ಥಿಗಳೂ ಅವರ ತಂದೆತಾಯಿಯರೂ ಅರಿಯಬೇಕಾದದ್ದು. ನಗಿಸುವುದು ಎಷ್ಟು ದುಡಿಮೆಯ ಕೆಲಸ ಎಂಬುದು ಅದರಿಂದ ತಿಳಿಯುತ್ತದೆ. ಯಾರ ನಗೆ, ಯಾರ ಮೇಲೆ ಎಂಬ ಪ್ರಶ್ನೆಯೂ ಅದರಲ್ಲಿದೆ.

ಪೊಲೀಸರ ಮನೆಯ ಹುಡುಗ

ಬಾಬ್ ಸ್ಮಿತ್ ಹುಟ್ಟಿದ್ದು 1958ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ಸಿನ ಹಿಂದಿನ ದಿನ. ಊರು ನ್ಯೂಯಾರ್ಕ್ ರಾಜ್ಯದ ಬಫಲೊ. ನ್ಯೂಯಾರ್ಕ್ ಮಹಾನಗರದಿಂದ ಬಹು ದೂರ, ನಯಾಗರ ಜಲಪಾತಕ್ಕೆ ಹತ್ತಿರ, ಈರೀ ಸರೋವರದ ದಂಡೆಯಲ್ಲಿರುವ ಈ ಊರು ಚಳಿಗಾಲದ ಭಾರಿ ಹಿಮಕ್ಕೆ ಹೆಸರಾದದ್ದು. ತಂದೆ ರಾಜ್ಯ ಪೊಲೀಸ್ ಪಡೆಯವರು. ಗಿಡಮರ, ಹಕ್ಕಿ, ಪ್ರಾಣಿಗಳೆಂದರೆ ಹುಡುಗನಿಗೆ ಪ್ರಾಣ. ಆ ಪ್ರೀತಿ ಕೊನೆಯವರೆಗೂ ಉಳಿಯಿತು.

ಆ ಕಾಲದ ಅಮೆರಿಕದಲ್ಲಿ ಗಂಡು ಗಂಡನ್ನು ಪ್ರೀತಿಸುವುದನ್ನು ವೈದ್ಯರೇ ರೋಗದ ಪಟ್ಟಿಯಲ್ಲಿ ಇಟ್ಟಿದ್ದರು. ಅಮೆರಿಕದ ಮನೋವೈದ್ಯರ ಸಂಘ ಅದನ್ನು ಪಟ್ಟಿಯಿಂದ ಕೈಬಿಟ್ಟದ್ದು 1973ರ ಡಿಸೆಂಬರ್‌ನಲ್ಲಿ. ಆಗ ಬಾಬ್‌ಗೆ ಇನ್ನೂ ಹದಿನೈದು ತುಂಬಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದೇ ನಿರ್ಧಾರಕ್ಕೆ ಬರಲು 1990ರವರೆಗೆ ಕಾಯಬೇಕಾಯಿತು. ಪಟ್ಟಿಯಿಂದ ಹೆಸರು ತೆಗೆದ ಮಾತ್ರಕ್ಕೆ ಶಾಲೆಯ ಅಂಗಳದ ಕುಚೋದ್ಯ ನಿಲ್ಲುವುದಿಲ್ಲ. ಅಂಥ ಹುಡುಗರು ನಡೆಯುವ ರೀತಿ, ಮಾತಿನ ಧಾಟಿ, ನೋಟ ಎಲ್ಲವನ್ನೂ ಕಾಯ್ದುಕೊಳ್ಳುತ್ತಾ ಬೆಳೆಯಬೇಕಿತ್ತು. ಇತರರು ಏನನ್ನು ಗಮನಿಸುತ್ತಾರೆ, ಏನಕ್ಕೆ ನಗುತ್ತಾರೆ ಎಂದು ಸದಾ ಲೆಕ್ಕ ಹಾಕುವ ಅಭ್ಯಾಸ ಹೀಗೆ ಬೆಳೆಯುತ್ತದೆ. ಮುಂದೆ ಹಾಸ್ಯಗಾರನಾದವನಿಗೆ ಇದೇ ಬಂಡವಾಳ. ಆದರೆ ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ.

ಐದು ನಿಮಿಷಕ್ಕಾಗಿ ವರ್ಷಗಳು

1980ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ಹಾಸ್ಯದ ಕ್ಲಬ್ಬುಗಳು ಅಣಬೆಗಳಂತೆ ಎದ್ದವು. ಒಬ್ಬನೇ ಮೈಕಿನ ಮುಂದೆ ನಿಂತು ತನ್ನದೇ ಮಾತುಗಳಿಂದ ಜನರನ್ನು ನಗಿಸುವ ಈ ಕಲೆಗೆ 'ಸ್ಟ್ಯಾಂಡ್-ಅಪ್ ಕಾಮಿಡಿ' ಎಂದು ಹೆಸರು. ಹಿನ್ನೆಲೆ ಸಂಗೀತವಿಲ್ಲ, ಸಹನಟರಿಲ್ಲ, ಮರೆತರೆ ಹೇಳಿಕೊಡುವವರಿಲ್ಲ. ಜನ ನಗದಿದ್ದರೆ ಆ ಮೌನವನ್ನು ಒಬ್ಬನೇ ನುಂಗಬೇಕು.

ನ್ಯೂಯಾರ್ಕಿಗೆ ಬಂದ ಬಾಬ್ ಸ್ಮಿತ್ ಹೊಟ್ಟೆಪಾಡಿಗೆ ಶ್ರೀಮಂತರ ಔತಣಗಳಲ್ಲಿ ಊಟ ಬಡಿಸುವ ಕೆಲಸ ಮಾಡಿದರು. ಈ ದಾರಿ ಹಿಡಿದ ಬಹುತೇಕರ ಪಾಡು ಇದೇ. ಹೊಸಬರಿಗೆ ಕ್ಲಬ್ಬುಗಳು ಕೊಡುವ ಅವಧಿ ನಾಲ್ಕೈದು ನಿಮಿಷ, ಅದೂ ಅನೇಕ ವೇಳೆ ಸಂಬಳವಿಲ್ಲದೆ. ಒಂದೇ ನಗೆಮಾತನ್ನು ಇಪ್ಪತ್ತು ಸಲ, ಐವತ್ತು ಸಲ ಬೇರೆ ಬೇರೆ ಜನರ ಮುಂದೆ ಹೇಳಿ ನೋಡಬೇಕು. ಒಂದು ಪದ ಹಿಂದೆ ಹಾಕಿದರೆ ನಗೆ ಬರುತ್ತದೆ, ಮುಂದೆ ಹಾಕಿದರೆ ಬರುವುದಿಲ್ಲ. ನೋಡುವವರಿಗೆ ಆಗಿಂದಾಗ ಹೊಳೆದಂತೆ ಕಾಣುವ ಐದು ನಿಮಿಷದ ಹಿಂದೆ ಹೀಗೆ ತಿದ್ದಿ ತೀಡಿದ ತಿಂಗಳುಗಳು, ವರ್ಷಗಳು ಇರುತ್ತವೆ.

ಬಾಬ್‌ಗೆ ಇದರ ಮೇಲೆ ಇನ್ನೊಂದು ತೊಡಕಿತ್ತು. ಸ್ಟ್ಯಾಂಡ್-ಅಪ್ ಕಲಾವಿದ ಮಾತನಾಡುವುದು ತನ್ನ ಮನೆ, ತನ್ನ ಪ್ರೀತಿ, ತನ್ನ ಜಗಳಗಳ ಬಗ್ಗೆ. ಉಳಿದವರು ಹೆಂಡತಿಯ ಮಾತು, ಗೆಳತಿಯ ಮಾತು ಎತ್ತಿ ನಗಿಸುತ್ತಿದ್ದರೆ ಇವರು ಏನು ಹೇಳಬೇಕು? ಇಲ್ಲದ ಗೆಳತಿಯನ್ನು ಕಲ್ಪಿಸಿಕೊಂಡು ಸುಳ್ಳು ಹೇಳಬೇಕು, ಇಲ್ಲವೇ ಬದುಕಿನ ಅರ್ಧವನ್ನು ಬಿಟ್ಟು ಮಾತನಾಡಬೇಕು. ಸುಳ್ಳಿನ ಮೇಲೆ ಕಟ್ಟಿದ ಹಾಸ್ಯ ಬಹುಕಾಲ ನಿಲ್ಲುವುದಿಲ್ಲ.

ಆ ಕಾಲದ ವೇದಿಕೆಗಳ ಮೇಲೆ ಸಲಿಂಗಪ್ರೇಮಿಗಳು ಇರಲಿಲ್ಲವೆಂದಲ್ಲ. ಇತರರ ಗೇಲಿಯ ವಸ್ತುವಾಗಿ ಧಾರಾಳವಾಗಿ ಇದ್ದರು. 1983ರಲ್ಲಿ ಎಚ್‌ಬಿಓ ಪ್ರಸಾರ ಮಾಡಿದ 'ಡೆಲಿರಿಯಸ್' ಕಾರ್ಯಕ್ರಮದಲ್ಲಿ ಖ್ಯಾತ ಹಾಸ್ಯನಟ ಎಡ್ಡಿ ಮರ್ಫಿ ಸಲಿಂಗಪ್ರೇಮಿಗಳನ್ನೂ ಏಡ್ಸ್ ರೋಗವನ್ನೂ ಸೇರಿಸಿ ಗೇಲಿ ಮಾಡಿದರು. ಏಡ್ಸ್‌ನ ಮೊದಲ ವರದಿಗಳು ಅಮೆರಿಕದಲ್ಲಿ ಬಂದದ್ದು 1981ರಲ್ಲಿ. ನ್ಯೂಯಾರ್ಕಿನಲ್ಲಿ ಯುವಕರು ಒಬ್ಬೊಬ್ಬರಾಗಿ ಸಾಯುತ್ತಿದ್ದ ಕಾಲದಲ್ಲಿ ಸಭಾಂಗಣಗಳು ಆ ಮಾತಿಗೆ ನಗುತ್ತಿದ್ದವು. 1996ರಲ್ಲಿ ಮರ್ಫಿ ಆ ಮಾತುಗಳಿಗಾಗಿ ಕ್ಷಮೆ ಕೇಳಿದರು.

ಹೆಸರಲ್ಲೇ ಎಲ್ಲ ಹೇಳಿದ ತಂಡ

ಬಚ್ಚಿಡದೆ ನಗಿಸಿದವರಲ್ಲಿ ಬಾಬ್ ಮೊದಲಿಗರೇನಲ್ಲ. ರಾಬಿನ್ ಟೈಲರ್ ಎಂಬ ಹಾಸ್ಯಗಾರ್ತಿ 1979ರಷ್ಟು ಹಿಂದೆಯೇ ತಮ್ಮ ಹಾಸ್ಯದ ಧ್ವನಿಮುದ್ರಿಕೆ ತಂದಿದ್ದರು. ಲೀ ಡಿಲಾರಿಯ ಎಂಬ ಇನ್ನೊಬ್ಬ ಕಲಾವಿದೆ 1993ರಲ್ಲಿ 'ಆರ್ಸೆನಿಯೊ ಹಾಲ್ ಷೋ' ಎಂಬ ರಾತ್ರಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ಇಂಥ ಒಬ್ಬೊಬ್ಬರ ಹೆಜ್ಜೆಯಿಂದಲೇ ದಾರಿ ಸವೆದದ್ದು.

1988ರಲ್ಲಿ ಬಾಬ್ ಸ್ಮಿತ್, ಜಾಫಿ ಕೋಹೆನ್ ಮತ್ತು ಡ್ಯಾನಿ ಮೆಕ್‌ವಿಲಿಯಮ್ಸ್ ಮೂವರೂ ಸೇರಿ ಒಂದು ತಂಡ ಕಟ್ಟಿದರು. ಹೆಸರು 'ಫನಿ ಗೇ ಮೇಲ್ಸ್'. ನಗಿಸುವ, ಸಲಿಂಗಪ್ರೇಮಿಗಳಾದ ಗಂಡಸರು ಎಂದು ಅರ್ಥ. ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯ 'ಡೂಪ್ಲೆಕ್ಸ್' ಎಂಬ ಪುಟ್ಟ ರಂಗಸ್ಥಳದಲ್ಲಿ ಅವರ ಪ್ರದರ್ಶನಗಳು ನಡೆದವು. ಫಲಕದ ಮೇಲೆ ಹೆಸರು ಓದಿ ಒಳಬಂದವರಿಗೆ ಗುಟ್ಟೇನೂ ಉಳಿಯುತ್ತಿರಲಿಲ್ಲ. 'ಇವನು ಅವನೇ?' ಎಂಬ ಪಿಸುಮಾತಿಗೆ ಅವಕಾಶವೇ ಇಲ್ಲದ ಮೇಲೆ ಉಳಿಯುವುದು ಒಂದೇ ಪ್ರಶ್ನೆ: ಇವನು ನಗಿಸುತ್ತಾನೆಯೇ, ಇಲ್ಲವೇ? ಹಾಸ್ಯಗಾರನಿಗೆ ಬೇಕಾದದ್ದೂ ಇದೇ. ಈ ಮೂವರೂ ಸೇರಿ ತಮ್ಮ ಬಾಲ್ಯದ ಬಗ್ಗೆ ಬರೆದ ನಗೆಪುಸ್ತಕ 'ಗ್ರೋಯಿಂಗ್ ಅಪ್ ಗೇ' 1995ರಲ್ಲಿ ಪ್ರಕಟವಾಯಿತು.

ಒಂದು ನಗೆಮಾತಿನ ಒಳಗುಟ್ಟು

ಬಾಬ್ ಹೇಳುತ್ತಿದ್ದ ಒಂದು ನಗೆಮಾತನ್ನು ಬಿಚ್ಚಿ ನೋಡಿದರೆ ಅವರ ಕಸುಬು ಅರ್ಥವಾಗುತ್ತದೆ. ಅಮೆರಿಕದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ 'ಥ್ಯಾಂಕ್ಸ್‌ಗಿವಿಂಗ್' ಹಬ್ಬ. ಎಲ್ಲಿದ್ದರೂ ಮಕ್ಕಳು ಮನೆಗೆ ಬಂದು ಒಟ್ಟಿಗೆ ಊಟಕ್ಕೆ ಕೂರುತ್ತಾರೆ. ಆ ಊಟದ ಮೇಜಿನಲ್ಲಿ ಮಗ ಸತ್ಯವನ್ನು ಹೇಳಿಬಿಡಬೇಕೆಂದು ನಿರ್ಧರಿಸುತ್ತಾನೆ. ಒಬ್ಬ ಸಲಿಂಗಪ್ರೇಮಿಗೆ ಗ್ರೇವಿಯ ಪಾತ್ರೆ ದಾಟಿಸಮ್ಮ ಎಂದು ತಾಯಿಯನ್ನು ಕೇಳುತ್ತಾನೆ. ತಾಯಿ ಪಾತ್ರೆಯನ್ನು ಎತ್ತಿ ತಂದೆಗೆ ಕೊಡುತ್ತಾಳೆ.

ಇದು ಕಟ್ಟಿದ ಕಥೆ, ಹಾಸ್ಯಗಾರನ ಕಲ್ಪನೆ. ಆದರೆ ಅದರ ಕಟ್ಟಡ ಎಷ್ಟು ಗಟ್ಟಿ ನೋಡಿ. ಮೊದಲರ್ಧ ಕೇಳುವಾಗ ಸಭೆಗೆ ಉಸಿರು ಬಿಗಿಯುತ್ತದೆ. ತಾಯಿ ಅಳುತ್ತಾಳೆಯೇ, ತಂದೆ ಎದ್ದು ಹೋಗುತ್ತಾನೆಯೇ ಎಂದು ಎಲ್ಲರೂ ಮಗನ ಮುಖ ನೋಡುತ್ತಿರುತ್ತಾರೆ. ಅಷ್ಟರಲ್ಲಿ ಕಥೆ ಯಾರೂ ನೋಡದ ಕಡೆಗೆ, ಮೇಜಿನ ಇನ್ನೊಂದು ತುದಿಗೆ ಹೊರಳುತ್ತದೆ. ನಿರೀಕ್ಷೆಯನ್ನು ಒಂದು ದಿಕ್ಕಿಗೆ ಬೆಳೆಸಿ ಕೊನೆಯ ಮಾತಿನಲ್ಲಿ ಇನ್ನೊಂದು ದಿಕ್ಕಿಗೆ ತಿರುಗಿಸುವುದೇ ನಗೆಮಾತಿನ ಮೂಲ ಸೂತ್ರ. ಎಲ್ಲ ಹಾಸ್ಯಗಾರರೂ ಇದನ್ನು ಬಲ್ಲರು.

ಬಾಬ್ ಅದರ ಜೊತೆಗೆ ಇನ್ನೊಂದನ್ನು ಮಾಡಿದರು. ಸಭೆ ನಗುವ ಹೊತ್ತಿಗೆ ಮಗ ನಗೆಪಾಟಲಾಗಿರುವುದಿಲ್ಲ. ಬಹಳ ಕಾಲದಿಂದ ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಮಾತುಗಳನ್ನು ಗಂಟು ಕಟ್ಟಿಟ್ಟುಕೊಂಡ ಒಂದು ಸಂಸಾರ ನಗೆಗೆ ಕಾರಣವಾಗುತ್ತದೆ. ಅಂಥ ಗಂಟು ಯಾವ ಮನೆಯಲ್ಲಿ ಇಲ್ಲ? ಮೊದಲು ಬೇರೆಯವರ ಕಥೆಯೆಂದು ಕೇಳುತ್ತಿದ್ದವರು ಕೊನೆಗೆ ತಮ್ಮ ಮನೆಯ ಊಟದ ಮೇಜನ್ನು ನೆನೆದು ನಗುತ್ತಾರೆ. ಎಡ್ಡಿ ಮರ್ಫಿಯ ಸಭೆಯಲ್ಲಿ ಅಲ್ಲಿಲ್ಲದವರ ಮೇಲೆ ಬೀಳುತ್ತಿದ್ದ ನಗೆ ಇಲ್ಲಿ ಎಲ್ಲರನ್ನೂ ಒಳಗೆ ಸೇರಿಸಿಕೊಂಡಿತು.

ಬರಹಗಾರರ ಕೋಣೆ

ವೇದಿಕೆಯ ಹಾಸ್ಯದಲ್ಲಿ ಪಳಗಿದವರಿಗೆ ಅಮೆರಿಕದಲ್ಲಿ ಇನ್ನೊಂದು ಬಾಗಿಲು ತೆರೆಯುತ್ತದೆ. ಅದು ಟೆಲಿವಿಷನ್ ಬರವಣಿಗೆ. ಬಾಬ್ ಸ್ಮಿತ್ 'ಮ್ಯಾಡ್ ಟಿವಿ' ಎಂಬ ಕಾರ್ಯಕ್ರಮಕ್ಕೆ ಬರೆದರು. 'ಮ್ಯಾಡ್' ಎಂಬ ಪ್ರಸಿದ್ಧ ವಿಡಂಬನ ಪತ್ರಿಕೆಯ ಹೆಸರಿನಲ್ಲಿ, ಪುಟ್ಟ ಪುಟ್ಟ ಪ್ರಹಸನಗಳನ್ನು ಪೋಣಿಸಿ ಫಾಕ್ಸ್ ವಾಹಿನಿ 1995ರಿಂದ 2009ರವರೆಗೆ ಪ್ರಸಾರ ಮಾಡಿದ ಕಾರ್ಯಕ್ರಮವಿದು.

ಇಂಥ ಕಾರ್ಯಕ್ರಮಗಳ ಬರವಣಿಗೆ ಒಬ್ಬರೇ ಕೂತು ಮಾಡುವಂಥದ್ದಲ್ಲ. 'ರೈಟರ್ಸ್ ರೂಮ್' ಎಂಬ ಕೋಣೆಯಲ್ಲಿ ಬರಹಗಾರರು ದೊಡ್ಡ ಮೇಜಿನ ಸುತ್ತ ಕೂರುತ್ತಾರೆ. ಪ್ರತಿಯೊಬ್ಬರೂ ತಮ್ಮ ಪ್ರಹಸನದ ಎಳೆಯನ್ನು ಬಾಯಲ್ಲಿ ಹೇಳಬೇಕು. ಒಪ್ಪಿಗೆಯಾದದ್ದನ್ನು ಬರೆದು ತಂದರೆ ನಟರು ಮೇಜಿನ ಸುತ್ತಲೇ ಓದಿ ನೋಡುತ್ತಾರೆ. ನಗೆ ಬಾರದ ಸಾಲನ್ನು ಎಲ್ಲರೂ ಸೇರಿ ಮತ್ತೆ ಬರೆಯುತ್ತಾರೆ. ಹೀಗೆ ದಾಟಿ ಬಂದದ್ದೂ ಚಿತ್ರೀಕರಣದ ಮುಂಚೆ ಬಿದ್ದುಹೋಗಬಹುದು, ಚಿತ್ರೀಕರಣವಾದ ಮೇಲೆ ಕತ್ತರಿಗೂ ಸಿಗಬಹುದು. ಬರೆದ ಹತ್ತರಲ್ಲಿ ಒಂದು ತೆರೆಗೆ ಬಂದರೆ ಪುಣ್ಯ. ಬಂದಾಗಲೂ ಚಪ್ಪಾಳೆ ನಟನಿಗೆ. ಬರೆದವನ ಹೆಸರು ಕೊನೆಯಲ್ಲಿ ವೇಗವಾಗಿ ಸರಿದುಹೋಗುವ ಸಾಲುಗಳಲ್ಲಿ ಒಂದು.

ವೇದಿಕೆಯ ಮೇಲೆ ತನ್ನ ದನಿಯಲ್ಲಿ ತನ್ನ ಮಾತು ಆಡುತ್ತಿದ್ದವನು ಇಲ್ಲಿ ಇತರರ ದನಿಗೆ ಮಾತು ಹೊಸೆಯಬೇಕು. ತನ್ನ ಮೆಚ್ಚಿನ ಸಾಲನ್ನು ಇನ್ನೊಬ್ಬರು ಕಿತ್ತು ಹಾಕಿದರೆ ಮುಖ ಸಪ್ಪಗೆ ಮಾಡದೆ ಇನ್ನೊಂದನ್ನು ಬರೆಯಬೇಕು. ಹಾಸ್ಯ ಬರೆಯುವ ಆಸೆಯುಳ್ಳ ವಿದ್ಯಾರ್ಥಿಗಳು ಮೊದಲು ಕಲಿಯಬೇಕಾದ ಪಾಠ ಇದೇ.

ತಂದೆತಾಯಿಯರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಹಜವಾದದ್ದು: ಇದರಿಂದ ಹೊಟ್ಟೆ ತುಂಬುತ್ತದೆಯೇ? ಅಮೆರಿಕದಲ್ಲಿ ಟೆಲಿವಿಷನ್ ಮತ್ತು ಚಲನಚಿತ್ರ ಬರಹಗಾರರಿಗೆ 'ರೈಟರ್ಸ್ ಗಿಲ್ಡ್' ಎಂಬ ಬಲವಾದ ಕಾರ್ಮಿಕ ಸಂಘವಿದೆ. ಕನಿಷ್ಠ ಸಂಭಾವನೆ, ಮರುಪ್ರಸಾರವಾದಾಗ ಸಿಗುವ ಹಣ, ತೆರೆಯ ಮೇಲೆ ಯಾರ ಹೆಸರು ಬರಬೇಕೆಂಬ ತೀರ್ಮಾನ ಎಲ್ಲಕ್ಕೂ ಅದರ ನಿಯಮಗಳಿವೆ. ಆದರೂ ಕಾರ್ಯಕ್ರಮ ನಿಂತರೆ ಕೆಲಸವೂ ನಿಲ್ಲುತ್ತದೆ. 2023ರಲ್ಲಿ ಈ ಬರಹಗಾರರು ಸಂಭಾವನೆಗಾಗಿ, ಕೃತಕ ಬುದ್ಧಿಮತ್ತೆಯ ಬಳಕೆಗೆ ಮಿತಿ ಬೇಕೆಂದು 148 ದಿನ ಮುಷ್ಕರ ಹೂಡಬೇಕಾಯಿತು. ಒಂದೇ ಆದಾಯವನ್ನು ನಂಬಿ ಕೂರುವ ವೃತ್ತಿ ಇದಲ್ಲ.

ಬಾಬ್ ಕೂಡ ಒಂದನ್ನೇ ನಂಬಿ ಕೂರಲಿಲ್ಲ. 1997ರಲ್ಲಿ ಪ್ರಕಟವಾದ ಅವರ ಪ್ರಬಂಧ ಸಂಕಲನ 'ಓಪನ್ಲಿ ಬಾಬ್' ಹಾಸ್ಯ ವಿಭಾಗದಲ್ಲಿ ಲ್ಯಾಂಬ್ಡ ಸಾಹಿತ್ಯ ಪ್ರಶಸ್ತಿ ಪಡೆಯಿತು. 1999ರಲ್ಲಿ 'ವೇ ಟು ಗೋ, ಸ್ಮಿತ್!' ಬಂತು. 2007ರ ಕಾದಂಬರಿ 'ಸೆಲ್ಫಿಷ್ ಅಂಡ್ ಪರ್ವರ್ಸ್'ನ ನಾಯಕ ಲಾಸ್ ಏಂಜಲೀಸ್‌ನ ಟೆಲಿವಿಷನ್ ಹಾಸ್ಯ ಕಾರ್ಯಕ್ರಮವೊಂದರ ಸಿಬ್ಬಂದಿ. ಅಲ್ಲಿಂದ ಅಲಾಸ್ಕಕ್ಕೆ ಹೋಗುತ್ತಾನೆ. ಬರಹಗಾರರ ಕೋಣೆಯಲ್ಲಿ ಕಂಡದ್ದು ವ್ಯರ್ಥವಾಗಲಿಲ್ಲ.

ಮಾತೇ ಹೋದ ಮೇಲೆ

ಐವತ್ತರ ಹೊಸ್ತಿಲಲ್ಲಿದ್ದಾಗ ಬಾಬ್‌ಗೆ ಎಎಲ್ಎಸ್ ಎಂಬ ರೋಗ ಕಾಣಿಸಿಕೊಂಡಿತು. ಮೆದುಳಿನಿಂದ ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುವ ಕಾಯಿಲೆ ಇದು. ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕೂರಿಸಿದ್ದೂ ಇದೇ. ಗುಣಪಡಿಸುವ ಮದ್ದಿಲ್ಲ. ಹಾಸ್ಯಗಾರನ ಜೀವಾಳವಾದ ಮಾತೇ ಬಾಬ್‌ಗೆ ಮೊದಲು ತೊದಲತೊಡಗಿತು, ಆಮೇಲೆ ನಿಂತೇಹೋಯಿತು.

ಈ ರೋಗಕ್ಕೆ ಅಮೆರಿಕದಲ್ಲಿ ಲೂ ಗೆಹ್ರಿಗ್ ಎಂಬ ಬೇಸ್‌ಬಾಲ್ ಆಟಗಾರನ ಹೆಸರಿದೆ. ಬೇಸ್‌ಬಾಲ್ ಎಂದರೆ ತನಗೆ ಇಷ್ಟವೇ ಇಲ್ಲವಲ್ಲ ಎಂದು ಬಾಬ್ ತಮಾಷೆ ಮಾಡಿದರು. ನೋವಿನಲ್ಲೂ ಮಾತಿನ ಕೊನೆಯನ್ನು ಅನಿರೀಕ್ಷಿತ ಕಡೆಗೆ ತಿರುಗಿಸುವ ಹಳೆಯ ಅಭ್ಯಾಸ ಬಿಡಲಿಲ್ಲ.

ಮಾತು ಹೋದರೂ ಬರವಣಿಗೆ ಉಳಿಯಿತು. ಕಾಲಯಂತ್ರವೇರಿ 1986ಕ್ಕೆ ಹಿಂದಿರುಗಿ ತನ್ನ ಅಕ್ಕರೆಯ ಸೋದರಿಯನ್ನು ಉಳಿಸಿಕೊಳ್ಳಲು ಹೆಣಗುವವನ ಕಥೆಯುಳ್ಳ ಅವರ ಎರಡನೆಯ ಕಾದಂಬರಿ 2011ರಲ್ಲಿ ಬಂತು. ಕೈಗಳೂ ಸೋಲುತ್ತಿದ್ದ ದಿನಗಳಲ್ಲಿ ಐಪ್ಯಾಡಿನ ಪರದೆಯ ಮೇಲೆ ಬೆರಳಿನಿಂದ ಅಕ್ಷರ ಅಕ್ಷರವಾಗಿ ಒತ್ತಿ ಬರೆದ ಪ್ರಬಂಧಗಳು 'ಟ್ರೀಹ್ಯಾಬ್' ಎಂಬ ಹೆಸರಿನಲ್ಲಿ 2016ರಲ್ಲಿ ಪ್ರಕಟವಾದವು. ಬಫಲೊದ ಹುಡುಗನ ಗಿಡಮರಗಳ ಪ್ರೀತಿ ಆ ಪುಸ್ತಕದ ತುಂಬ ಇದೆ. 1987ರಲ್ಲಿ ನ್ಯೂಯಾರ್ಕಿನ ಗೋಡೆಗಳ ಮೇಲೆ ಏಡ್ಸ್ ಹೋರಾಟದ ಘೋಷಣೆಯೊಂದು ಕಾಣಿಸಿಕೊಂಡಿತ್ತು: ಮೌನವೆಂದರೆ ಸಾವು. ಅದನ್ನು ಕಂಡಿದ್ದ ತಲೆಮಾರಿನ ಬಾಬ್ ಸ್ಮಿತ್ ದನಿಯಿಲ್ಲದೆಯೂ ಮೌನಿಯಾಗಲಿಲ್ಲ.

ಟೊರಾಂಟೊದ ಹಾಸ್ಯಗಾರ್ತಿ ಎಲ್ವಿರಾ ಕರ್ಟ್ ಮತ್ತು ಅವರ ಸಂಗಾತಿಯ ಜೊತೆಗೂಡಿ ಬಾಬ್ ಇಬ್ಬರು ಮಕ್ಕಳ ತಂದೆಯೂ ಆಗಿದ್ದರು. ಅವರು ನ್ಯೂಯಾರ್ಕಿನಲ್ಲಿ ತೀರಿಕೊಂಡದ್ದು 2018ರ ಜನವರಿ 20ರಂದು, 59ನೆಯ ವಯಸ್ಸಿನಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 2017ರಲ್ಲಿ, ಹಾಲಿವುಡ್ಡಿನ ಇಬ್ಬರು ಹಿರಿಯ ನಟಿಯರ ಜಗಳವನ್ನು ಕುರಿತ 'ಫ್ಯೂಡ್' ಎಂಬ ಟೆಲಿವಿಷನ್ ಸರಣಿ ಮನೆಮಾತಾಗಿತ್ತು. ಅದರ ಸೃಷ್ಟಿಕರ್ತರಲ್ಲಿ ಇಬ್ಬರು, ಡೂಪ್ಲೆಕ್ಸ್‌ನಲ್ಲಿ ಜೊತೆಗೆ ನಿಂತು ನಗಿಸಿದ್ದ ಜಾಫಿ ಕೋಹೆನ್ ಮತ್ತು ಬಾಬ್ ಅವರ ಬಾಳಸಂಗಾತಿ ಮೈಕೇಲ್ ಜ್ಯಾಮ್. ವೇದಿಕೆಯಿಂದ ಟೆಲಿವಿಷನ್ ಬರವಣಿಗೆಗೆ ಹೋಗುವ ದಾರಿಯಲ್ಲಿ ಆ ಗೆಳೆಯರ ಬಳಗ ದೂರ ಸಾಗಿತ್ತು.

ಮನೆಯ ಊಟದ ಹೊತ್ತು

ಬಾಬ್ ತೀರಿಕೊಂಡ ವರ್ಷವೇ, 2018ರ ಸೆಪ್ಟೆಂಬರ್ 6ರಂದು, ಭಾರತದ ಸುಪ್ರೀಂ ಕೋರ್ಟ್ ಒಪ್ಪಿಗೆಯಿಂದ ಕೂಡಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಕಾನೂನಿನ ಭಯ ಹೋಯಿತು. ಆದರೆ ಕಾಲೇಜಿನ ವಾರ್ಷಿಕೋತ್ಸವದ ಪ್ರಹಸನಗಳಲ್ಲಿ, ಸಿನಿಮಾದ ಹಾಸ್ಯ ದೃಶ್ಯಗಳಲ್ಲಿ ಹೆಣ್ಣಿಗನೆಂದು ಒಬ್ಬನನ್ನು ಎಳೆದು ತಂದು ನಗಿಸುವ ಚಾಳಿ ಇನ್ನೂ ಹೋಗಿಲ್ಲ. ಆ ಸಭೆಯ ನೂರು ಜನರಲ್ಲಿ ಒಬ್ಬ ಹುಡುಗ, ಒಬ್ಬ ಹುಡುಗಿ ಎಲ್ಲರಿಗಿಂತ ಜೋರಾಗಿ ನಗುತ್ತಿರಬಹುದು, ತನ್ನ ಮೇಲೆ ಯಾರಿಗೂ ಅನುಮಾನ ಬಾರದಿರಲೆಂದು.

ಹಾಸ್ಯ ಬರೆಯಲು ಕೂರುವ ವಿದ್ಯಾರ್ಥಿ ಸಾಲು ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಮಾತಿಗೆ ನಗಲಾಗದವರು ಯಾರು, ಏಕೆ? ಇದರಿಂದ ಹಾಸ್ಯ ಸಪ್ಪೆಯಾಗುವುದಿಲ್ಲ. ಎಲ್ಲರೂ ಹೇಳಿ ಸವೆದ ಗೇಲಿಯನ್ನು ಬಿಟ್ಟು ತನ್ನ ಅನುಭವದಲ್ಲಿ ಹುಡುಕಬೇಕಾಗುವುದರಿಂದ ಹೊಸ ಮಾತು ಹುಟ್ಟುತ್ತದೆ.

ತಂದೆತಾಯಿಯರಿಗೆ ಇನ್ನೂ ಸರಳವಾದ ಮಾತೊಂದಿದೆ. ಮಕ್ಕಳು ಮನಸ್ಸಿನ ಗುಟ್ಟನ್ನು ಬಿಡಿಸಿ ಹೇಳುವ ಮುಂಚೆ ಬಹುಕಾಲ ಕಿವಿಗೊಟ್ಟು ಕೇಳುತ್ತಿರುತ್ತಾರೆ. ಟಿವಿಯಲ್ಲಿ ಅಂಥವನೊಬ್ಬ ಬಂದಾಗ ಅಪ್ಪ ಏನೆಂದರು, ನೆಂಟರ ಮನೆಯ ಹುಡುಗನ ಬಗ್ಗೆ ಅಮ್ಮ ಹೇಗೆ ನಕ್ಕಳು ಎಂಬುದೆಲ್ಲ ಅವರಿಗೆ ನೆನಪಿರುತ್ತದೆ. ಬಾಬ್ ಸ್ಮಿತ್ ಕಥೆಯ ಮಗ ಹಬ್ಬದ ಊಟದ ಮೇಜಿನಲ್ಲಿ ಧೈರ್ಯ ಮಾಡಿ ಬಾಯಿ ತೆರೆದ. ಬಾಯಿ ತೆರೆಯಬಹುದೇ ಎಂದು ಮನೆಮನೆಯಲ್ಲೂ ಮಕ್ಕಳು ತೂಗಿ ನೋಡುವುದು ಹಬ್ಬವಲ್ಲದ ಸಾಮಾನ್ಯ ದಿನಗಳಲ್ಲಿ, ಅನ್ನ ಸಾರು ಬಡಿಸುವ ಹೊತ್ತಿನಲ್ಲಿ.